ಏಳು, ನಾಲ್ಕು, ನಾಲ್ಕು: ಬ್ರೆಸ್ಟ್-ಲಿಟೋವ್ಸ್ಕ್ ಶಾಂತಿಯ ಲೆಕ್ಕ



ನಾನು ಓದಿದ ಪಠ್ಯಪುಸ್ತಕದಲ್ಲಿ ಇವತ್ತಿನ ವಿಷಯಕ್ಕೆ ಒಂದೇ ಸಾಲು ಮೀಸಲಾಗಿತ್ತು: ರಷ್ಯಾ 1918ರಲ್ಲಿ ಜರ್ಮನಿಯೊಡನೆ ಒಪ್ಪಂದ ಮಾಡಿಕೊಂಡು ಮಹಾಯುದ್ಧದಿಂದ ಹೊರಬಂತು. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಹೊರಬರಲು ಏನು ತೆತ್ತರು, ತೆತ್ತವರು ಯಾರು ಎಂದು ಕೇಳಿದರೆ ಸಾಲದು.

ಬೊಲ್ಶೆವಿಕರು ಅಧಿಕಾರ ಹಿಡಿದದ್ದು 1917ರ ನವೆಂಬರ್ 7ರಂದು. ಮರುದಿನವೇ ಎರಡು ಆದೇಶಗಳು ಹೊರಬಿದ್ದವು. ಒಂದು ಶಾಂತಿಯದು: ಯಾರೂ ಯಾರ ನೆಲವನ್ನೂ ಕಬಳಿಸಬಾರದು, ಯಾರೂ ಯಾರಿಗೂ ದಂಡ ಕಟ್ಟಬೇಕಿಲ್ಲ. ಇನ್ನೊಂದು ಭೂಮಿಯದು: ಜಮೀನ್ದಾರರ ಜಮೀನು ಇನ್ನು ರೈತರಿಗೆ. ಯುದ್ಧವನ್ನು ನಿಜಕ್ಕೂ ಮುಗಿಸಿದ್ದು ಈ ಎರಡನೆಯದು ಎಂದು ನನ್ನ ಎಣಿಕೆ. ಕಂದಕದಲ್ಲಿ ಕೂತಿದ್ದ ಸೈನಿಕ ಮೂಲತಃ ಒಕ್ಕಲು ಮಗ. ಊರಲ್ಲಿ ಜಮೀನು ಹಂಚುತ್ತಿದ್ದಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನಿಗೆ ಗಡಿಯ ಚಿಂತೆ ಎಲ್ಲಿಂದ ಬಂದೀತು? ಮೊದಲೇ ಕರಗುತ್ತಿದ್ದ ಸೇನೆ ಊರ ದಾರಿ ಹಿಡಿಯಿತು.

ಮಾತುಕತೆಗೆ ಗೊತ್ತಾದ ಜಾಗ ಬ್ರೆಸ್ಟ್-ಲಿಟೋವ್ಸ್ಕ್. 1915ರಲ್ಲಿ ಹಿಮ್ಮೆಟ್ಟುವಾಗ ರಷ್ಯನ್ನರೇ ಬೆಂಕಿಯಿಟ್ಟು ಹೋದ ಊರು. ಉಳಿದ ಕೋಟೆಯಲ್ಲಿ ಜರ್ಮನರ ಪೂರ್ವರಂಗದ ಮುಖ್ಯ ಠಾಣೆ. ಸೋವಿಯತ್ ನಿಯೋಗದಲ್ಲಿ ಯೋಫೆ, ಕಾಮೆನೆವ್‌ರಂಥ ಓದಿದವರ ಜೊತೆಗೆ ಒಬ್ಬ ಕಾರ್ಮಿಕ, ಒಬ್ಬ ಸೈನಿಕ, ಒಬ್ಬ ನಾವಿಕ ಇದ್ದರು. ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಅಯ್ಯೋ, ರೈತನೇ ಇಲ್ಲವಲ್ಲ ಎಂದು ಹೊಳೆಯಿತಂತೆ. ಬೀದಿಯಲ್ಲಿ ನಡೆದು ಹೋಗುತ್ತಿದ್ದ ಸ್ಟಾಷ್ಕೋವ್ ಎಂಬ ಮುದುಕನನ್ನು ಕಾರಿಗೆ ಹತ್ತಿಸಿಕೊಂಡರು. ಆತ ರಷ್ಯಾದ ರೈತಕುಲದ ಪ್ರತಿನಿಧಿಯಾಗಿ ಬವೇರಿಯಾದ ರಾಜಕುಮಾರ ಲಿಯೊಪೋಲ್ಡ್‌ನ ಪಂಕ್ತಿಯಲ್ಲಿ ಊಟಕ್ಕೆ ಕೂತ. ಕೆಂಪು ವೈನೋ ಬಿಳಿಯದೋ ಎಂದು ಕೇಳಿದಾಗ, ಯಾವುದು ಹೆಚ್ಚು ಏರುತ್ತದೆ ಎಂದು ವಿಚಾರಿಸಿದನಂತೆ. ಈ ಪ್ರಸಂಗಕ್ಕೆ ಎಲ್ಲರೂ ನಗುತ್ತಾರೆ. ನನಗೆ ಮಾತ್ರ, ಆ ಮೇಜಿನ ಸುತ್ತ ಕೂತವರಲ್ಲಿ ತನಗೇನು ಬೇಕೆಂದು ಸರಿಯಾಗಿ ತಿಳಿದಿದ್ದವನು ಆತನೊಬ್ಬನೇ ಅನ್ನಿಸುತ್ತದೆ.

ಜನವರಿಯಲ್ಲಿ ಟ್ರಾಟ್‌ಸ್ಕಿ ನಿಯೋಗದ ಮುಖ್ಯಸ್ಥನಾಗಿ ಬಂದ. ಕಾಲ ತಳ್ಳುವುದು ಅವನ ಉಪಾಯ. ಅಷ್ಟರಲ್ಲಿ ಜರ್ಮನಿಯಲ್ಲೂ ಕ್ರಾಂತಿಯಾದೀತೆಂಬ ಆಸೆ. ವಿಯೆನ್ನಾ, ಬರ್ಲಿನ್‌ಗಳಲ್ಲಿ ಭಾರೀ ಮುಷ್ಕರಗಳು ನಡೆದದ್ದರಿಂದ ಅದು ಪೂರಾ ಹಗಲುಗನಸೂ ಅಲ್ಲ. ಆದರೆ ಫೆಬ್ರವರಿ 9ರಂದು ಉಕ್ರೇನ್ ಬೇರೆಯಾಗಿ ಒಪ್ಪಂದ ಮಾಡಿಕೊಂಡಿತು. ಜರ್ಮನರ ಕಣ್ಣು ಅಲ್ಲಿನ ಧಾನ್ಯದ ಮೇಲಿತ್ತು. ಮರುದಿನ ಟ್ರಾಟ್‌ಸ್ಕಿ ಎದ್ದು ನಿಂತು, ಯುದ್ಧ ಮಾಡುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ ಎಂದುಬಿಟ್ಟ. ಇಂಥದ್ದನ್ನು ಕೇಳಿಯೇ ಇಲ್ಲ ಎಂದು ಜರ್ಮನ್ ಜನರಲ್ ಹಾಫ್‌ಮನ್ ಉದ್ಗರಿಸಿದ. ಅವನು ಉತ್ತರ ಕೊಟ್ಟದ್ದು 18ರಂದು. ಒಂದಷ್ಟು ಸೈನಿಕರು, ಒಂದೆರಡು ಮಷೀನ್‌ಗನ್‌ಗಳನ್ನು ರೈಲಿಗೆ ಹತ್ತಿಸುವುದು, ಮುಂದಿನ ಸ್ಟೇಷನ್ ಹಿಡಿಯುವುದು, ಮತ್ತೆ ಮುಂದಕ್ಕೆ. ಐದು ದಿನದಲ್ಲಿ 200 ಕಿಲೋಮೀಟರಿಗೂ ಹೆಚ್ಚು ನೆಲ ಹೋಯಿತು. ತಡೆಯಲು ಯಾರಿದ್ದರು? ಸೈನಿಕರು ಊರಲ್ಲಿ ಜಮೀನು ಅಳೆಯುತ್ತಿದ್ದರು.

ಜರ್ಮನರ ಹೊಸ ಷರತ್ತುಗಳು ಮೊದಲಿನವಕ್ಕಿಂತ ಕ್ರೂರವಾಗಿದ್ದವು. ಫೆಬ್ರವರಿ 23ರಂದು ಬೊಲ್ಶೆವಿಕ್ ಕೇಂದ್ರ ಸಮಿತಿ ಸೇರಿತು. ಒಪ್ಪದಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದ ಲೆನಿನ್. ಇದು ಹೇಸಿಗೆಯ ಶಾಂತಿ ಎಂದು ಅವನೇ ಕರೆದಿದ್ದ. ಪರವಾಗಿ ಏಳು, ವಿರುದ್ಧ ನಾಲ್ಕು, ತಟಸ್ಥ ನಾಲ್ಕು. ಹದಿನೈದು ಜನರಲ್ಲಿ ಎಂಟು ಮಂದಿ ಪರವಾಗಿ ಕೈ ಎತ್ತದೆಯೇ ನಿರ್ಣಯ ಗೆದ್ದಿತು. ತಟಸ್ಥರಲ್ಲಿ ಟ್ರಾಟ್‌ಸ್ಕಿ, ವಿರೋಧಿಗಳಲ್ಲಿ ಬುಖಾರಿನ್.

ಮಾರ್ಚ್ 3ರಂದು ಸಹಿ ಬಿತ್ತು. ಚರ್ಚೆಯೇ ಬೇಡ, ಬಂದೂಕಿನ ಎದುರು ಹಾಕುವ ಸಹಿ ಇದು ಎಂಬುದು ಸಹಿ ಹಾಕಿದ ಸೋವಿಯತ್ ನಿಯೋಗದ ಮುಖ್ಯಸ್ಥ ಸೊಕೊಲ್ನಿಕೊವ್‌ನ ನಿಲುವು. ಹಳೆಯ ಸಾಮ್ರಾಜ್ಯದ ಜನರಲ್ಲಿ ಸುಮಾರು ಮೂರನೇ ಒಂದು ಪಾಲು, ಸಾಗುವಳಿ ನೆಲದಲ್ಲೂ ಹೆಚ್ಚುಕಡಿಮೆ ಅಷ್ಟೇ, ಕಲ್ಲಿದ್ದಲ ಗಣಿಗಳಲ್ಲಿ ಹತ್ತಕ್ಕೆ ಒಂಬತ್ತು ಕೈಬಿಟ್ಟವು. ಪೋಲೆಂಡ್, ಬಾಲ್ಟಿಕ್ ಸೀಮೆ ರಷ್ಯಾದ ಅಪ್ಪನ ಆಸ್ತಿಯೇನಲ್ಲ, ನಿಜ. ಆದರೆ ಅಲ್ಲಿಯ ಜನರನ್ನು ಜರ್ಮನರೂ ಕೇಳಲಿಲ್ಲ. ಆಗಸ್ಟ್‌ನಲ್ಲಿ ಪೂರಕ ಒಪ್ಪಂದವೊಂದು 600 ಕೋಟಿ ಮಾರ್ಕಿನ ಹೊರೆಯನ್ನೂ ಹೇರಿತು. ಯಾರೂ ಯಾರಿಗೂ ದಂಡ ಕಟ್ಟಬೇಕಿಲ್ಲ ಎಂದಿದ್ದ ಸರ್ಕಾರ ಸೆಪ್ಟೆಂಬರ್‌ನಲ್ಲಿ ರೈಲಿಗೆ ಚಿನ್ನ ತುಂಬಿ ಕಳಿಸಿತು.

ನವೆಂಬರ್‌ನಲ್ಲಿ ಜರ್ಮನಿಯೇ ಸೋತಿತು. 13ರಂದು ಮಾಸ್ಕೋ ಒಪ್ಪಂದವನ್ನು ರದ್ದು ಮಾಡಿತು. ಲೆನಿನ್ ದೂರದರ್ಶಿಯಾಗಿದ್ದ ಎಂದು ಹೊಗಳುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಅವನು ತನ್ನ ಕೈಲಿ ಸೇನೆ ಇಲ್ಲವೆಂಬುದನ್ನು ಕಂಡಿದ್ದ, ಅಷ್ಟೇ. ಬಲ್ಲವರೆಲ್ಲ ಕಾಣಲು ನಿರಾಕರಿಸಿದ್ದನ್ನು ಕಾಣುವುದೂ ಸಣ್ಣ ಮಾತಲ್ಲ. ಆದರೆ ಜರ್ಮನಿಯನ್ನು ಸೋಲಿಸಿದ್ದು ಅವನ ದೂರದೃಷ್ಟಿಯಲ್ಲ, ಪಶ್ಚಿಮರಂಗ.

ಕಳೆದ ನೆಲದಲ್ಲಿ ಬಹುಪಾಲು ಮುಂದೆ ಮರಳಿ ಬಂತು. ಮರಳದ್ದು ಬೇರೆ. ಬೊಲ್ಶೆವಿಕರ ಜೊತೆ ಸರ್ಕಾರದಲ್ಲಿದ್ದ ಎಡ ಸಮಾಜವಾದಿ ಕ್ರಾಂತಿಕಾರಿಗಳು ಒಪ್ಪಂದವನ್ನು ಪ್ರತಿಭಟಿಸಿ ಹೊರನಡೆದರು. ಜುಲೈ 6ರಂದು ಅವರ ಕಡೆಯವರು ಜರ್ಮನ್ ರಾಯಭಾರಿ ಮೀರ್ಬಾಕ್‌ನನ್ನು ಕೊಂದರು, ಅವರ ದಂಗೆಯನ್ನು ಹೊಸಕಿ ಹಾಕಲಾಯಿತು. ಆ ಬಳಿಕ ಮಂತ್ರಿಮಂಡಲದಲ್ಲಿ ಎರಡನೆಯ ಪಕ್ಷಕ್ಕೆ ಕುರ್ಚಿ ಇರಲಿಲ್ಲ. ಬೊಲ್ಶೆವಿಕ್ ಪಕ್ಷದ ಒಳಗೆ, ಏಳು, ನಾಲ್ಕು, ನಾಲ್ಕು ಎಂದು ಮತ ಹಂಚಿಹೋಗುವಷ್ಟು ಬಾಯಿಬಿಟ್ಟು ಜಗಳವಾಡುವ ಕಾಲವೂ ಹೆಚ್ಚು ದಿನ ಬಾಳಲಿಲ್ಲ.

1938ರಲ್ಲಿ ಬುಖಾರಿನ್ ಮಾಸ್ಕೋದ ಕಟಕಟೆಯಲ್ಲಿ ನಿಂತಾಗ, ಬ್ರೆಸ್ಟ್ ಶಾಂತಿಯನ್ನು ಕೆಡಿಸಲು ಲೆನಿನ್‌ನನ್ನು ಕೊಲ್ಲುವ ಸಂಚು ಹೂಡಿದ್ದನೆಂಬುದೂ ಆರೋಪಗಳಲ್ಲಿ ಒಂದಾಗಿತ್ತು. ಕೊಲೆಯ ಸಂಚನ್ನು ಆತ ಕೊನೆಯವರೆಗೂ ಒಪ್ಪಲಿಲ್ಲ. ಮಾರ್ಚ್ 15ರಂದು ಗುಂಡಿಟ್ಟು ಕೊಂದರು. ಸೋವಿಯತ್ ಮಹಾಧಿವೇಶನ ಆ ಒಪ್ಪಂದವನ್ನು ಅನುಮೋದಿಸಿ ಅಂದಿಗೆ ಸರಿಯಾಗಿ 20 ವರ್ಷ.