ಒಂದು ತೊಟ್ಟು ಹುಳಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಡೈರಿ ಅಂಗಳದಲ್ಲಿ ಮೂರು ಸಂಜೆ ನಡೆದ ಪರಿಸರ ಸಾಕ್ಷ್ಯಚಿತ್ರೋತ್ಸವದ ಸಮಾರೋಪದಲ್ಲಿ ಸಂಘದ ಮಾಜಿ ಕಾರ್ಯದರ್ಶಿಗಳು ಆಡಿದ ಮಾತುಗಳ ಬರಹರೂಪ)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ಲೀಟರು, ಫ್ಯಾಟು, ಬಟವಾಡೆ ಎಂದು ಲೆಕ್ಕ ಬರೆದು ವಯಸ್ಸಾದವನು ನಾನು. ಆದರೂ ಅಧ್ಯಕ್ಷರು ಬಿಡಲಿಲ್ಲ. ಹಾಗಾಗಿ ಎರಡು ಮಾತು.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಬೆಳ್ಳಿಹಬ್ಬಕ್ಕೆ ಸಾಕ್ಷ್ಯಚಿತ್ರ ತೋರಿಸೋಣ ಎಂದು ಮೇಷ್ಟ್ರು ಹೇಳಿದಾಗ ಬೇಡವೆಂದವರಲ್ಲಿ ನಾನೇ ಮುಂದೆ. "ಆರ್ಕೆಸ್ಟ್ರಾನೋ ನಾಟಕಾನೋ ಮಾಡ್ಸಿ ಸಾರ್, ಮೀನು, ಹದ್ದು ಅಂದ್ರೆ ಯಾರ್ ಬರ್ತಾರೆ?" ಅಂದಿದ್ದೆ. ಚಿಕ್ಕಂದಿನಲ್ಲಿ ಸರ್ಕಾರದ ವ್ಯಾನು ಬಂದು ಶಾಲೆ ಮೈದಾನದಲ್ಲಿ ಬಿಳಿ ಪರದೆ ಕಟ್ಟಿ ಫಿಲ್ಮ್ಸ್ ಡಿವಿಷನ್ನಿನ ಚಿತ್ರ ತೋರಿಸುತ್ತಿದ್ದದ್ದು ನನಗೆ ನೆನಪಿದೆ. ಗೊಬ್ಬರ ಹಾಕುವುದು ಹೇಗೆ ಅಂತ ಅವರು ತೋರಿಸುತ್ತಿದ್ದರೆ ನಾವು ತೂಕಡಿಸುತ್ತಿದ್ದೆವು. ಇದೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಆದರೆ ಸಂಜೆ ಹಾಲು ಅಳೆದು ಮುಗಿದ ಮೇಲೆ ಖಾಲಿ ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿ ಕೂತ ಜನ ಮೂರು ದಿನವೂ ಕದಲಲಿಲ್ಲ. ಮೇಷ್ಟ್ರು ಅಲ್ಲಲ್ಲಿ ಚಿತ್ರ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದರಿಂದ ಅಜ್ಜಿಯರಿಗೂ ಅರ್ಥವಾಯಿತು.

ಮೊದಲ ಸಂಜೆ ನೋಡಿದ್ದು ಮೈಕ್ ಪಾಂಡೆಯವರ 'ಶೋರ್ಸ್ ಆಫ್ ಸೈಲೆನ್ಸ್'. ಗುಜರಾತಿನ ಕಡಲಲ್ಲಿ ವೇಲ್ ಶಾರ್ಕ್ ಎಂಬ, ಜಗತ್ತಿನಲ್ಲೇ ಅತಿ ದೊಡ್ಡ ಮೀನನ್ನು ಕೊಲ್ಲುವ ದೃಶ್ಯ ಕಂಡು ಹೆಂಗಸರು ಕಣ್ಣು ಮುಚ್ಚಿಕೊಂಡರು. 2000ದಲ್ಲಿ ಬಂದ ಚಿತ್ರ ಅದು. ಮರುವರ್ಷವೇ, 2001ರಲ್ಲಿ, ಆ ಮೀನಿಗೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆ ಸಿಕ್ಕಿತು. ನನಗೆ ಹಿಡಿಸಿದ್ದು ಅದಕ್ಕಿಂತ ಮುಂದಿನ ಕತೆ. ಕೊಂದವರು ದುಷ್ಟರೇನಲ್ಲ, ಹೊಟ್ಟೆಪಾಡಿನ ಬೆಸ್ತರು. 2004ರಲ್ಲಿ ಅಲ್ಲಿ ತಿಳಿವಳಿಕೆಯ ಆಂದೋಲನ ಶುರುವಾದ ಮೇಲೆ ಅದೇ ಬೆಸ್ತರು ಮೀನನ್ನು 'ವ್ಹಾಲಿ', ಅಂದರೆ ಪ್ರೀತಿಯವಳು, ಅಂತ ಕರೆದರು. ಬಲೆಗೆ ಬಿದ್ದರೆ ತಮ್ಮ ಬಲೆಯನ್ನೇ ಕೊಯ್ದು ಬಿಡತೊಡಗಿದರು. ಹೀಗೆ 900ಕ್ಕೂ ಹೆಚ್ಚು ಮೀನು ಉಳಿದಿವೆ. ಕೊಯ್ದ ಬಲೆಗೆ ಪರಿಹಾರವೂ ಸಿಗುತ್ತದೆ. ಬಡವನ ಮೇಲೆ ಧರ್ಮದ ಹೊರೆಯನ್ನಷ್ಟೇ ಹೊರಿಸಿದರೆ ನಡೆಯುವುದಿಲ್ಲ ಎಂಬುದನ್ನೂ ನಾವು ಗಮನಿಸಬೇಕು.

ಎರಡನೆಯ ಸಂಜೆ ನಮ್ಮ ರಾಜ್ಯದ್ದೇ ಕತೆ. ಶೇಖರ್ ದತ್ತಾತ್ರಿಯವರು 2001ರಲ್ಲಿ ತೆಗೆದ ಕುದುರೆಮುಖ ಗಣಿಗಾರಿಕೆಯ ಕಿರುಚಿತ್ರ. ಗುಡ್ಡ ಅಗೆದ ಮಣ್ಣು ಮಳೆಯಲ್ಲಿ ಭದ್ರಾ ನದಿಗೆ ಇಳಿಯುವುದನ್ನು ನೋಡಿದೆವು. 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. ಅದು ಚಿತ್ರವೊಂದರಿಂದಲೇ ಆದದ್ದಲ್ಲ, ಅನೇಕರ ಹೋರಾಟದ ಫಲ. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಲು ಯಾರಿಗೂ ಆಗುವುದಿಲ್ಲ.

ಮೂರನೆಯ ಸಂಜೆ ರಣಹದ್ದುಗಳ ಚಿತ್ರ. ಆವತ್ತು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

2002ರ ಬೇಸಿಗೆಯಲ್ಲಿ ನನ್ನ ಸೀಮೆಹಸುವಿಗೆ ಕೆಚ್ಚಲು ಬಾವು ಬಂದು ಜ್ವರ ಏರಿತು. ರಾತ್ರಿ ಹೊತ್ತು, ಡಾಕ್ಟರು ಸಿಗಲಿಲ್ಲ. ಅಂಗಡಿಯಿಂದ ನೋವಿನ ಇಂಜೆಕ್ಷನ್ ತಂದು ಹಾಕಿಸಿದೆ. ಎರಡನೇ ದಿನ ಹಸು ಸತ್ತಿತು. ರೂಢಿಯಂತೆ ಹಳ್ಳದಾಚೆ ಎಳೆಸಿ ಹಾಕಿದೆ. ನಾನು ಹುಡುಗನಾಗಿದ್ದಾಗ ಹಾಗೆ ಹಾಕಿದ ದನದ ಮೇಲೆ ಗಳಿಗೆಯಲ್ಲಿ ರಣಹದ್ದುಗಳು ಇಳಿಯುತ್ತಿದ್ದವು. ಸಂಜೆಗೆ ಬರೀ ಮೂಳೆ. ಆ ಸಲ ಒಂದೂ ಬರಲಿಲ್ಲ. ವಾರಗಟ್ಟಲೆ ನಾಯಿಗಳ ಕಾಟ, ದುರ್ವಾಸನೆ. ನಮ್ಮವ್ವ ಆಕಾಶ ನೋಡಿ, "ಹದ್ದುಗಳೆಲ್ಲ ಎಲ್ಲೋದ್ವೋ ಮಗ" ಅಂದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಇಷ್ಟು ವರ್ಷದ ಮೇಲೆ ಪರದೆಯ ಮೇಲೆ ಆ ಔಷಧಿಯ ಹೆಸರು ಬಂತು: ಡೈಕ್ಲೋಫೆನಾಕ್. ನಾನು ತಂದ ಸೀಸೆಯ ಮೇಲಿದ್ದದ್ದೂ ಅದೇ ಹೆಸರು.

ಆ ಔಷಧಿ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಈ ಕಾರಣ ಪತ್ತೆಯಾಗಿ ಪ್ರಕಟವಾದದ್ದು 2004ರಲ್ಲಿ. ಅಲ್ಲಿಯವರೆಗೆ ನಮಗಿರಲಿ, ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. 1992ರಿಂದ 2007ರೊಳಗೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಪಕ್ಷಿ ಅದು. ಮರಿ ದೊಡ್ಡದಾಗಿ ತಾನು ಮೊಟ್ಟೆಯಿಡಲು ಸುಮಾರು ಐದು ವರ್ಷ ಬೇಕು. ಹೋದದ್ದು ಬೇಗ ತುಂಬಿಬರುವುದಿಲ್ಲ.

"ಹದ್ದು ಹೋದ್ರೆ ನಮಗೇನ್ ನಷ್ಟ?" ಎಂದು ಮೊನ್ನೆ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹದ್ದು ತಿನ್ನದ ಹೆಣ ನಾಯಿಯ ಪಾಲಾಗುತ್ತದೆ, ನೀರಿಗೆ ಸೇರುತ್ತದೆ. ನಾಯಿ ಹೆಚ್ಚಿದರೆ ಹುಚ್ಚುನಾಯಿ ಕಡಿತವೂ ಹೆಚ್ಚು. ರಣಹದ್ದುಗಳು ಇಲ್ಲವಾದದ್ದರಿಂದ 2000ದಿಂದ 2005ರೊಳಗೆ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತಿರಬಹುದೆಂದು 2024ರಲ್ಲಿ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಕೂಲಿ ಕೇಳದೆ ಊರು ಗುಡಿಸುತ್ತಿದ್ದ ಪಕ್ಷಿ ಅದು.

ನನ್ನ ಎದೆಗೆ ತಾಗಿದ ಲೆಕ್ಕ ಇನ್ನೊಂದಿದೆ. ದೇಶದ ದನಗಳಿಗೆಲ್ಲ ಆ ಔಷಧಿ ಕೊಟ್ಟಿರಲಿಲ್ಲ. ಸತ್ತ ದನಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಔಷಧಿ ಇದ್ದರೂ ಇಷ್ಟು ನಾಶಕ್ಕೆ ಸಾಕು ಎಂದು ಲೆಕ್ಕ ಹಾಕಿದ್ದಾರೆ. ಯಾಕೆಂದರೆ ಒಂದೇ ಹೆಣಕ್ಕೆ ಹತ್ತಾರು ಹದ್ದು ಕೂರುತ್ತವೆ. ಹಾಲಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಕ್ಯಾನಿನಲ್ಲಿ ಇಡೀ ಬೀದಿಯವರ ಹಾಲಿರುತ್ತದೆ, ಒಬ್ಬರ ಹುಳಿ ಹಾಲು ಬಿದ್ದರೆ ಅಷ್ಟೂ ಹೋಯಿತು. "ನಾನೊಬ್ಬ ಮಾಡಿದ್ರೆ ಏನಾಯ್ತು" ಎನ್ನುವ ಮಾತಿಗೆ ಸಹಕಾರ ಸಂಘದಲ್ಲಿ ಜಾಗವಿಲ್ಲ. ಆಕಾಶದಲ್ಲೂ ಇಲ್ಲ.

ನಮ್ಮ ರಾಮನಗರದ ರಾಮದೇವರಬೆಟ್ಟ ಎಲ್ಲರಿಗೂ ಗೊತ್ತು. 'ಷೋಲೆ' ಸಿನಿಮಾ ತೆಗೆದ ಸೀಮೆ ಎಂದು ಹೊರಗಿನವರೂ ಹೇಳುತ್ತಾರೆ. 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮವೆಂದು ಘೋಷಿಸಿತು. ಉದ್ದಕೊಕ್ಕಿನ ರಣಹದ್ದುಗಳು ಅಲ್ಲಿ ಕೆಲವೇ ಉಳಿದಿವೆ. ಧಾಮಕ್ಕೆ ಬೇಲಿ ಹಾಕಬಹುದು, ಹದ್ದಿನ ಹೊಟ್ಟೆಗೆ ಬೇಲಿ ಹಾಕಲಾದೀತೆ? ಮೇವಿಗೆ ಅದು ಎಷ್ಟೋ ದೂರ ಹಾರುತ್ತದೆ. ಹಾರಿ ಬರುವುದು ನಮ್ಮಂಥ ಊರುಗಳಿಗೇ.

ದನಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು 2006ರಲ್ಲೇ ನಿಲ್ಲಿಸಲಾಯಿತು. ಮನುಷ್ಯರ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಅವುಗಳನ್ನೂ 3 ಮಿಲಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನೂ ದನಗಳಿಗೆ ನಿಷೇಧಿಸಿದರು. ಹಾಗೆಂದು ನಮ್ಮ ಹಸು ನೋವು ತಿನ್ನಬೇಕೆಂದು ಯಾರೂ ಹೇಳುತ್ತಿಲ್ಲ. ರಣಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಎಂಬ ಔಷಧಿ ಇದೆ. ನಮ್ಮ ಡಾಕ್ಟರು ಅದನ್ನೇ ಕೊಡುತ್ತಾರೆ.

ಆದ್ದರಿಂದ ಮುಂದಿನ ಸರ್ವ ಸದಸ್ಯರ ಸಭೆಗೆ ಮೂರು ವಿಷಯ ಇಡಬೇಕೆಂದು ಆಡಳಿತ ಮಂಡಳಿಯವರಲ್ಲಿ ಕೇಳಿಕೊಳ್ಳುತ್ತೇನೆ. ಒಂದು, ಮನುಷ್ಯರ ನೋವಿನ ಔಷಧಿಯನ್ನು ಯಾವ ಸದಸ್ಯರೂ ದನಕ್ಕೆ ಹಾಕಿಸಬಾರದು, ಡಾಕ್ಟರ ಫೋನ್ ನಂಬರು ಡೈರಿ ಗೋಡೆಯ ಮೇಲೆ ಬರೆಸಬೇಕು. ಎರಡು, ಔಷಧಿ ಕೊಟ್ಟ ದನ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಬೇಕು. ಗುಂಡಿ ತೋಡುವ ಖರ್ಚನ್ನು ಸಂಘ ಕೊಡಲಿ, ಬೆಸ್ತರಿಗೆ ಬಲೆಯ ಪರಿಹಾರ ಕೊಟ್ಟ ಹಾಗೆ. ಮೂರು, ವರ್ಷಕ್ಕೊಮ್ಮೆ ಈ ಅಂಗಳದಲ್ಲಿ ಇಂಥ ಚಿತ್ರಗಳನ್ನು ತೋರಿಸಬೇಕು. ಮುಂದಿನ ವರ್ಷ ಬೇಡವೆನ್ನುವವರಲ್ಲಿ ನಾನಿರುವುದಿಲ್ಲ, ಪರದೆ ಕಟ್ಟುವವರಲ್ಲಿ ಇರುತ್ತೇನೆ.

ನಮ್ಮವ್ವ ಈಗಿಲ್ಲ. ಅವಳ ಪ್ರಶ್ನೆಗೆ ಉತ್ತರ ಸಿಗಲು ನನಗೆ ಇಷ್ಟು ವರ್ಷ ಬೇಕಾಯಿತು. ನಮ್ಮ ಮೊಮ್ಮಕ್ಕಳು ತಲೆಯೆತ್ತಿ ನೋಡಿದಾಗ ಆ ಪ್ರಶ್ನೆ ಕೇಳುವಂತಾಗದಿರಲಿ.