ಆರಕ್ಷಕರ ಹೊಣೆ

ಜಯನಗರದಲ್ಲಿ ನಮ್ಮ ನೆರೆಮನೆಯ ಅಜ್ಜಿಯ ಬಾಗಿಲಿಗೆ ಒಬ್ಬಾತ ರಾತ್ರಿ ಬಂದು, ಮನೆ ಬಿಡದಿದ್ದರೆ ಕೊಲ್ಲುವೆನೆಂದು ಬೆದರಿಸಿ ಹೋದ. ಅಜ್ಜಿಯೊಡನೆ ನಾನೂ ಠಾಣೆಗೆ ಹೋದೆ. “ಏನಾದರೂ ಆದಮೇಲೆ ಬನ್ನಿ ಮೇಷ್ಟ್ರೇ” ಎಂದರು. ಆದಮೇಲೆ ಬರಲು ಅಜ್ಜಿ ಇರಬೇಕಲ್ಲ!

ಪೊಲೀಸರನ್ನು ನಾವು ‘ಆರಕ್ಷಕ’ರೆನ್ನುತ್ತೇವೆ. ರಕ್ಷಣೆ ಹೆಸರಿನಲ್ಲಷ್ಟೇ ಇದೆಯೋ, ಕಾನೂನಿನಲ್ಲಿಯೂ ಉಂಟೋ? ಅಮೆರಿಕದಲ್ಲಿ, ನ್ಯಾಯಾಲಯದ ರಕ್ಷಣಾಜ್ಞೆ ಪಡೆದಿದ್ದ ತಾಯಿಯೊಬ್ಬಳು ಪೊಲೀಸರನ್ನು ಮತ್ತೆ ಮತ್ತೆ ಬೇಡಿಕೊಂಡರೂ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡಳು. ಆ ಆಜ್ಞೆಯನ್ನು ಪೊಲೀಸರಿಂದ ಜಾರಿಮಾಡಿಸಿಕೊಳ್ಳುವ ಸಂವಿಧಾನಬದ್ಧ ಹಕ್ಕು ಆಕೆಗಿಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು.

ನಮ್ಮ ಕಾನೂನು ಬಾಯಿಬಿಟ್ಟು ಹೇಳಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 168ನೆಯ ಕಲಮಿನ ಪ್ರಕಾರ, ಕೊಲೆಯಂಥ ಅಪರಾಧವನ್ನು ಪ್ರತಿಯೊಬ್ಬ ಪೊಲೀಸ್ ಅಧಿಕಾರಿಯೂ ಯಥಾಶಕ್ತಿ ತಡೆಯತಕ್ಕದ್ದು. ‘ತಡೆಯಬಹುದು’ ಅಲ್ಲ, ‘ತಡೆಯತಕ್ಕದ್ದು’; ಇದು ಅಪ್ಪಣೆಯ ಮಾತು. ತೊಡಕಿರುವುದು ‘ಯಥಾಶಕ್ತಿ’ಯಲ್ಲಿ. ಸಂಕಲ್ಪ ಹೇಳಿಸುವ ಪುರೋಹಿತರೂ ಈ ಪದಕ್ಕೆ ಅಳತೆ ಹೇಳುವುದಿಲ್ಲ! ಅಳೆದು ನೋಡೆಂದು ಕೇಳಲು ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿದೆ. ರಕ್ಷಣೆ ಕೊಡಿರೆಂದು ಅದು ಪೊಲೀಸರಿಗೆ ಆಜ್ಞಾಪಿಸಬಲ್ಲದು. ಆದರೆ ಎಂಬತ್ತರ ಅಜ್ಜಿ ಅಲ್ಲಿಯವರೆಗೆ ಹೋಗುವುದೆಂತು?

ಮರುದಿನ ದೂರನ್ನು ಬರೆದೇ ಒಯ್ದೆವು. ಆ ಕಲಮನ್ನೂ ಕಾಣಿಸಿ, ನಕಲಿನ ಮೇಲೆ ಮೊಹರು ಕೇಳಿದೆವು. ಮೊಹರು ಬಿತ್ತು. ಈಗ ರಾತ್ರಿ ಗಸ್ತಿನವರು ಅಜ್ಜಿಯ ಗೇಟಿನ ಬಳಿ ಒಮ್ಮೆ ನಿಂತು ಹೋಗುತ್ತಾರೆ.