ಆರು ಖಾತೆಗಳಲ್ಲಿ ಹಂಚಿಹೋದ ಒಂದು ಪ್ರಶ್ನೆ



ಕನ್ನಡದಲ್ಲಿ ‘ಖಾತೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮಂತ್ರಿಯಾದವರು ವಹಿಸಿಕೊಳ್ಳುವುದೂ ಖಾತೆ, ವ್ಯಾಪಾರಿ ಬರೆದಿಡುವುದೂ ಖಾತೆ. ವ್ಯಾಪಾರಿಯ ಖಾತೆಗೆ ಒಂದು ಕಟ್ಟುಪಾಡಿದೆ: ಒಂದು ಕಡೆ ಜಮೆ ಬರೆದರೆ ಮತ್ತೊಂದು ಕಡೆ ಖರ್ಚು ಬರೆಯಲೇಬೇಕು. ಮಂತ್ರಿಯ ಖಾತೆಗೆ ಅಂತಹ ನಿರ್ಬಂಧವಿಲ್ಲ. ಒಂದು ಸಚಿವಾಲಯ ತನ್ನ ಲಾಭವನ್ನು ಸದನದಲ್ಲಿ ಓದಿ ಹೇಳುತ್ತಿರುವಾಗ, ಅದೇ ಲಾಭಕ್ಕಾಗಿ ತೆತ್ತ ಬೆಲೆ ಬೇರೊಂದು ಸಚಿವಾಲಯದ ಪುಸ್ತಕದಲ್ಲಿ ಬೇರೊಂದು ಶೀರ್ಷಿಕೆಯಡಿ ಸದ್ದಿಲ್ಲದೆ ಕುಳಿತಿರಬಹುದು. ಪರಿಸರ, ಸಾರಿಗೆ, ಕೃಷಿ ಈ ಮೂರನ್ನೂ ತಾಗುವ ನೀತಿಯನ್ನು ಪ್ರಶ್ನಿಸಲು ಹೊರಟ ಜನಪ್ರತಿನಿಧಿ ಮುಗ್ಗರಿಸುವುದು ಇಲ್ಲಿಯೇ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ನೀತಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ.

2013-14ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇಕಡಾ 1.53 ಮಾತ್ರ ಇತ್ತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ವೇಳೆಗೆ ಶೇಕಡಾ 20 ಎಂಬ ಗುರಿಯನ್ನು ಇಟ್ಟುಕೊಂಡಿತು. 2022ರ ತಿದ್ದುಪಡಿ ಆ ಗುರಿಯನ್ನು 2025-26ಕ್ಕೆ ಹಿಂದಕ್ಕೆಳೆಯಿತು. 2022ರ ಜೂನ್‌ನಲ್ಲಿ ಶೇಕಡಾ 10, 2025ರಲ್ಲಿ ಶೇಕಡಾ 20 ಸಾಧಿತವಾಯಿತು. ಸರ್ಕಾರಿ ಯೋಜನೆಯೊಂದು ಗಡುವಿಗೆ ಮುಂಚೆ ಮುಗಿಯುವುದು ಅಪರೂಪ. ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಪೆಟ್ರೋಲಿಯಂ ಸಚಿವಾಲಯದ ಪ್ರಕಾರ 2014-15ರಿಂದ 2025ರ ಜುಲೈವರೆಗೆ ಉಳಿದ ವಿದೇಶಿ ವಿನಿಮಯ ಸುಮಾರು 1.44 ಲಕ್ಷ ಕೋಟಿ ರೂಪಾಯಿ. ಕಬ್ಬು ಪೂರೈಸಿದ ರೈತನಿಗೆ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದ್ದರೂ, ಬಾಕಿಗಾಗಿ ತಿಂಗಳುಗಟ್ಟಲೆ ಕಾರ್ಖಾನೆಯ ಬಾಗಿಲು ಕಾಯುವುದು ರೈತನ ಪಾಡಾಗಿತ್ತು. ಎಥೆನಾಲ್ ಹಣ ತೈಲ ಕಂಪನಿಗಳಿಂದ ಬೇಗ ಕೈಸೇರುವುದರಿಂದ ಕಾರ್ಖಾನೆಗಳ ಉಸಿರು ಸಡಿಲವಾಯಿತೆಂಬುದೂ ನಿಜ.

ಇಷ್ಟು ಜಮೆಯ ಬದಿ. ಖರ್ಚಿನ ಬದಿ ಎಲ್ಲಿದೆ?

ಮೊದಲಿಗೆ ವಾಹನ ಸವಾರನ ಜೇಬು. ಎಥೆನಾಲ್‌ನ ಶಾಖಶಕ್ತಿ ಪೆಟ್ರೋಲಿನ ಸುಮಾರು ಮೂರನೆಯ ಎರಡು ಭಾಗ. 2021ರ ಜೂನ್‌ನಲ್ಲಿ ಹೊರಬಂದ ನೀತಿ ಆಯೋಗದ ಮಾರ್ಗಸೂಚಿಯೇ, ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಇಂಧನ ದಕ್ಷತೆ ಶೇಕಡಾ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇಕಡಾ 3ರಿಂದ 4 ಕುಗ್ಗುವುದೆಂದು ಅಂದಾಜಿಸಿತ್ತು. ತಿಂಗಳಿಗೆ 5,000 ರೂಪಾಯಿ ಪೆಟ್ರೋಲ್ ಹಾಕಿಸುವ ಹಳೆಯ ಕಾರಿನವರಿಗೆ ಇದು 300 ರೂಪಾಯಿಗೂ ಮಿಕ್ಕಿದ ಹೊರೆ. ಅದೇ ಮಾರ್ಗಸೂಚಿಯು, ಈ ನಷ್ಟ ತುಂಬುವಂತೆ ಮಿಶ್ರಿತ ಇಂಧನದ ಚಿಲ್ಲರೆ ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕೆಂದೂ ಹೇಳಿತ್ತು. ಆ ಶಿಫಾರಸು ಎಲ್ಲಿ ಹೋಯಿತೆಂದು ಕೇಳಿದಾಗ 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆ ಹೀಗಿತ್ತು: ಆ ವರದಿ ಬರೆಯುವಾಗ ಎಥೆನಾಲ್ ಅಗ್ಗವಾಗಿತ್ತು, ಈಗ ಸಾಗಣೆ ಮತ್ತು ತೆರಿಗೆ ಸೇರಿ ಲೀಟರಿಗೆ ಸರಾಸರಿ 71.32 ರೂಪಾಯಿ ಬೀಳುತ್ತಿದೆ, ಶುದ್ಧೀಕರಿಸಿದ ಪೆಟ್ರೋಲಿಗಿಂತ ಅದೇ ದುಬಾರಿ. ಉತ್ತರ ಪ್ರಾಮಾಣಿಕವಾಗಿದೆ. ಆದರೆ ಮಿಶ್ರಣದಿಂದ ಉಳಿತಾಯವಾಗುತ್ತದೆಂದು ನಂಬಿದವರ ಪಾಲಿಗೆ ಇದು ಮೊದಲ ಬಾರಿ ತೆರೆದ ಪುಟ.

ಎರಡನೆಯದು ನೀರು. ಸಕ್ಕರೆ ಮೂಲದ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು. ಕಬ್ಬು ಮತ್ತು ಭತ್ತ ಎರಡೇ ಬೆಳೆಗಳು ದೇಶದ ನೀರಾವರಿಯ ಶೇಕಡಾ 70ನ್ನು ಕುಡಿಯುತ್ತವೆ. ಇದನ್ನೂ ಹೇಳಿದ್ದು ವಿರೋಧಪಕ್ಷವಲ್ಲ, ಅದೇ ನೀತಿ ಆಯೋಗದ ಮಾರ್ಗಸೂಚಿ. 40 ಲೀಟರಿನ ಕಾರಿನ ಟ್ಯಾಂಕಿನಲ್ಲಿ ಈಗ 8 ಲೀಟರ್ ಎಥೆನಾಲ್ ಇರುತ್ತದೆ. ಅದೆಲ್ಲವೂ ಕಬ್ಬಿನದಾದರೆ 22,880 ಲೀಟರ್ ನೀರು. ಪುಣೆ, ಹೈದರಾಬಾದುಗಳ ವಸತಿ ಸಮುಚ್ಚಯಗಳಿಗೆ ಬರುವ 10,000 ಲೀಟರಿನ ಟ್ಯಾಂಕರುಗಳಲ್ಲಿ ಎರಡನ್ನು ತುಂಬಿಸಿಯೂ ಮಿಗುವಷ್ಟು. ಇಲ್ಲಿ ಲೆಕ್ಕಶಾಸ್ತ್ರದ ಒಂದು ಎಚ್ಚರ ಅಗತ್ಯ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಬಂದ ಎಥೆನಾಲ್‌ನ ಮೇಲೆ ಕಬ್ಬಿನ ಪೂರ್ಣ ನೀರನ್ನು ಹೊರಿಸುವುದು ನ್ಯಾಯವಲ್ಲ. ಆ ನೀರಿನ ದೊಡ್ಡ ಪಾಲು ಸಕ್ಕರೆಯ ಲೆಕ್ಕಕ್ಕೆ ಸೇರಬೇಕು. ನೇರ ಕಬ್ಬಿನ ಹಾಲಿನಿಂದ ತೆಗೆದದ್ದಕ್ಕೆ ಈ ವಿನಾಯಿತಿ ಇಲ್ಲ. ಆದ್ದರಿಂದ ಯಾವ ಮೂಲದಿಂದ ಎಷ್ಟು ಎಂಬ ವಿಭಜನೆಯಿಲ್ಲದೆ ನೀರಿನ ಪ್ರಶ್ನೆ ಕೇಳಿದರೆ ಉತ್ತರವೂ ಅಷ್ಟೇ ಮಸುಕಾಗಿರುತ್ತದೆ. 2016ರ ಏಪ್ರಿಲ್‌ನಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದ್ದನ್ನು ಮಹಾರಾಷ್ಟ್ರದ ಕನ್ನಡಿಗರು ಮರೆತಿರಲಾರರು. ಆ ಮರಾಠವಾಡವೂ ಕಬ್ಬಿನ ಸೀಮೆಯೇ.

ಮೂರನೆಯದು ಅನ್ನ. ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಭಾರತೀಯ ಆಹಾರ ನಿಗಮವು ಎಥೆನಾಲ್ ಘಟಕಗಳಿಗೆ ಮಾರುವ ಅಕ್ಕಿಯ ಬೆಲೆಯನ್ನು 2025ರ ಜನವರಿಯಲ್ಲಿ ಕ್ವಿಂಟಲಿಗೆ 2,800ರಿಂದ 2,250 ರೂಪಾಯಿಗೆ ಇಳಿಸಲಾಯಿತು. 2024-25ರಲ್ಲಿ ಸಾಧಾರಣ ಭತ್ತಕ್ಕೆ ಸರ್ಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 2,300. ಅಂದರೆ ಅಕ್ಕಿ ಮಾರಿದ ದರ ಭತ್ತ ಕೊಂಡ ದರಕ್ಕಿಂತಲೂ ಕಡಿಮೆ! ಒಂದು ಕ್ವಿಂಟಲ್ ಭತ್ತಕ್ಕೆ 67 ಕಿಲೋ ಅಕ್ಕಿ ಎಂಬುದು ಸರ್ಕಾರದ್ದೇ ಪ್ರಮಾಣ. ಹಾಗಾಗಿ ಒಂದು ಕ್ವಿಂಟಲ್ ಅಕ್ಕಿಗೆ ಭತ್ತದ ಬೆಲೆಯೇ ಸುಮಾರು 3,430 ರೂಪಾಯಿ. ಗೋಣಿಚೀಲ, ಸಾಗಣೆ, ಗೋದಾಮು, ಬಡ್ಡಿ ಇನ್ನೂ ಸೇರಿಲ್ಲ. ಕ್ವಿಂಟಲಿಗೆ ಕನಿಷ್ಠ 1,180 ರೂಪಾಯಿ ವ್ಯತ್ಯಾಸ. ಆ ವರ್ಷ ಮಂಜೂರಾದ 52 ಲಕ್ಷ ಟನ್ ಪೂರ್ಣವಾಗಿ ಎತ್ತುವಳಿಯಾದರೆ 6,100 ಕೋಟಿ ರೂಪಾಯಿ ದಾಟುತ್ತದೆ. ಗೋದಾಮುಗಳು ತುಂಬಿ ತುಳುಕುತ್ತಿದ್ದವು, ಕೊಳೆಯಿಸುವುದಕ್ಕಿಂತ ಮಾರುವುದು ಲೇಸು ಎಂಬ ಸಮರ್ಥನೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ವ್ಯತ್ಯಾಸ ಇಂಧನ ನೀತಿಯ ವೆಚ್ಚವಾಗಿ ಎಲ್ಲಿಯೂ ಕಾಣುವುದಿಲ್ಲ. ಆಹಾರ ಸಹಾಯಧನದ ಹೊಳೆಯಲ್ಲಿ ಅದು ಕರಗಿಹೋಗುತ್ತದೆ. ಬಡವನ ಪಡಿತರದ ಹೆಸರಿನಲ್ಲಿ ದಾಖಲಾಗುತ್ತದೆ.

ಈಗ ಒಬ್ಬ ಲೋಕಸಭಾ ಸದಸ್ಯರು ಇವೆಲ್ಲವನ್ನೂ ಕೇಳಹೊರಟರೆಂದು ಭಾವಿಸೋಣ. ಕನಿಷ್ಠ 15 ದಿನಗಳ ಸೂಚನೆ ಕೊಡಬೇಕು. ಪ್ರಶ್ನೆ 150 ಪದಗಳನ್ನು ಮೀರಬಾರದು, ಅಭಿಪ್ರಾಯ ಕೇಳಬಾರದು, ಯಾವ ಸಚಿವರಿಗೆಂದು ಹೇಳಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಐದು ದಿನಗಳಿಗೆ ಹಂಚಿರುತ್ತಾರೆ. ಚೀಟಿ ಎತ್ತಿದಾಗ ಹೆಸರು ಬಂದರೆ ಮಾತ್ರ ಆ ದಿನದ 20 ಚುಕ್ಕೆ ಗುರುತಿನ ಪ್ರಶ್ನೆಗಳಲ್ಲಿ ಸ್ಥಾನ, ಬಾಯಿಮಾತಿನ ಉಪಪ್ರಶ್ನೆಗೆ ಅವಕಾಶ. ಇಲ್ಲವಾದರೆ 230 ಚುಕ್ಕೆರಹಿತ ಪ್ರಶ್ನೆಗಳ ಗುಂಪಿನಲ್ಲಿ ಲಿಖಿತ ಉತ್ತರವಷ್ಟೇ. ಹೀಗೆ ಒಂದು ಪ್ರಶ್ನೆ ಆರು ತುಂಡಾಗುತ್ತದೆ. ವಿದೇಶಿ ವಿನಿಮಯದ ಉಳಿತಾಯ ಪೆಟ್ರೋಲಿಯಂ ಖಾತೆಯಿಂದ, ವಾಹನದ ಮಾನದಂಡ ರಸ್ತೆ ಸಾರಿಗೆಯಿಂದ, ಅಕ್ಕಿ ಸಕ್ಕರೆ ಆಹಾರ ಖಾತೆಯಿಂದ, ಬೆಳೆಯ ವಿಸ್ತೀರ್ಣ ಕೃಷಿಯಿಂದ ಬರಬೇಕು. ಜಲಶಕ್ತಿ ಸಚಿವಾಲಯ ನೀರು ರಾಜ್ಯಗಳ ವಿಷಯವೆಂದು ಸಂವಿಧಾನದ ಏಳನೆಯ ಅನುಸೂಚಿ ತೋರಿಸುತ್ತದೆ. ಪರಿಸರ ಸಚಿವಾಲಯವು ಇಂಧನಕ್ಕಾಗಿಯೇ ಎಥೆನಾಲ್ ತಯಾರಿಸುವ ಘಟಕಗಳನ್ನು 2021ರಲ್ಲಿ ‘ಬಿ2’ ವರ್ಗಕ್ಕೆ ಸೇರಿಸಿದ್ದರಿಂದ ಸಾರ್ವಜನಿಕ ಅಹವಾಲು ಸಭೆಯೇ ಅಗತ್ಯವಿಲ್ಲವೆಂದು ತಿಳಿಸುತ್ತದೆ. ಆರೂ ಉತ್ತರಗಳು ಸತ್ಯ. ಆರನ್ನೂ ಕೂಡಿಸಿದ ಮೊತ್ತ ಮಾತ್ರ ಯಾರ ಬಳಿಯೂ ಇಲ್ಲ. ಹತ್ತು ಅಂಗಸಂಸ್ಥೆಗಳಿರುವ ಕಂಪನಿ ಬಿಡಿಬಿಡಿ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಲು ಕಂಪನಿ ಕಾಯಿದೆ ಬಿಡುವುದಿಲ್ಲ. ಕ್ರೋಡೀಕೃತ ಲೆಕ್ಕಪತ್ರ ಕೇಳುತ್ತದೆ. ಸರ್ಕಾರಕ್ಕೆ ಈ ಶಿಸ್ತನ್ನು ಸಂಸತ್ತಲ್ಲದೆ ಬೇರೆ ಯಾರು ಕಲಿಸಬೇಕು?

ಹಾಗೆಂದು ಪ್ರಶ್ನೋತ್ತರ ವೇಳೆಯನ್ನು ಹಗುರವಾಗಿ ಕಾಣುವಂತಿಲ್ಲ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣ ನೀಡಿ ಅದನ್ನು ಕೈಬಿಡಲಾಯಿತು. ಲಿಖಿತ ಉತ್ತರಗಳಷ್ಟೇ ಉಳಿದವು. ಮೂರು ಕೃಷಿ ಮಸೂದೆಗಳು ಅಂಗೀಕಾರವಾದದ್ದು ಅದೇ ಅಧಿವೇಶನದಲ್ಲಿ. ಒಂದು ವರ್ಷದ ಚಳವಳಿಯ ಬಳಿಕ, 2021ರ ನವೆಂಬರ್ 29ರಂದು ಅವುಗಳನ್ನು ರದ್ದುಗೊಳಿಸುವ ಮಸೂದೆಯೂ ಚರ್ಚೆಯಿಲ್ಲದೆಯೇ ಅಂಗೀಕಾರವಾಯಿತು. ಸದನದಲ್ಲಿ ಕೇಳಿಸಿಕೊಳ್ಳದ ಪ್ರಶ್ನೆ ಹೆದ್ದಾರಿಯ ಮೇಲೆ ಬಂದು ಕೂರುತ್ತದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಕುಳಿತಾಗಲೂ ಹಾಗೆಯೇ ಆಯಿತು. ಕಬ್ಬಿನ ದರ, 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತ ಸಕ್ಕರೆಯ ಕನಿಷ್ಠ ಮಾರಾಟ ಬೆಲೆ, ಎಥೆನಾಲ್ ಹಂಚಿಕೆ ಎಲ್ಲವೂ ಕೇಂದ್ರದ ಕೈಯಲ್ಲಿವೆ ಎಂದು ರಾಜ್ಯ ಸರ್ಕಾರ ಬೊಟ್ಟು ಮಾಡಿತು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. 2023ರ ಡಿಸೆಂಬರ್ 7ರಂದು, ಕಾರ್ಖಾನೆಗಳು ಸಾಲ ಮಾಡಿ ಘಟಕ ಕಟ್ಟಿ ಕಬ್ಬು ಅರೆಯುತ್ತಿರುವಾಗಲೇ, ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯಬಾರದೆಂಬ ಆದೇಶ ಬಂದದ್ದನ್ನು ನೆನೆದರೆ, ಈ ನೀತಿಯ ಏರಿಳಿತವನ್ನು ಕೊನೆಗೆ ಹೊರುವವರು ಯಾರೆಂಬುದು ತಿಳಿಯುತ್ತದೆ.

ಹಾಗಾದರೆ ಪ್ರಶ್ನೆಯನ್ನು ಯಾರಿಗೆ ಕೇಳಬೇಕು? 2018ರ ನೀತಿಯಲ್ಲಿಯೇ ಇದಕ್ಕೆ ಉತ್ತರವಿದೆ. ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿಯ ಅಧ್ಯಕ್ಷರು ಪೆಟ್ರೋಲಿಯಂ ಸಚಿವರು; ಅದರಲ್ಲಿ 14 ಸಚಿವಾಲಯ ಮತ್ತು ಇಲಾಖೆಗಳ ಪ್ರತಿನಿಧಿಗಳಿದ್ದಾರೆ. ಹೆಚ್ಚುವರಿ ಅಕ್ಕಿಯನ್ನು ಎಥೆನಾಲ್‌ಗೆ ಕೊಡಬಹುದೆಂದು 2020ರಲ್ಲಿ ತೀರ್ಮಾನಿಸಿದ್ದೂ ಇದೇ ಸಮಿತಿ. ಸಚಿವರನ್ನು ಬರಿಯ ಪೆಟ್ರೋಲಿಯಂ ಸಚಿವರೆಂದಲ್ಲ, ಈ ಸಮಿತಿಯ ಅಧ್ಯಕ್ಷರೆಂದು ಸಂಬೋಧಿಸಿ ಪ್ರಶ್ನೆ ಬರೆದರೆ ಅದು ಬೇರೆ ಖಾತೆಯ ವಿಷಯವೆಂದು ಸರಿಸಿಬಿಡುವುದು ಅಷ್ಟು ಸುಲಭವಲ್ಲ. ಕೇಳಬೇಕಾದದ್ದು ಇಷ್ಟೇ: ಕಳೆದ ಮೂರು ಎಥೆನಾಲ್ ವರ್ಷಗಳಲ್ಲಿ ಕಬ್ಬಿನ ಹಾಲು, ಕಾಕಂಬಿ, ಅಕ್ಕಿ, ಮೆಕ್ಕೆಜೋಳ ಪ್ರತಿಯೊಂದರಿಂದ ಬಂದ ಎಥೆನಾಲ್ ಎಷ್ಟು ಲೀಟರ್, ಪ್ರತಿಯೊಂದಕ್ಕೂ ಬಳಕೆಯಾದ ನೀರಿನ ಅಂದಾಜು ಎಷ್ಟು, ನಿಗಮದ ಅಕ್ಕಿಯ ಖರೀದಿ ವೆಚ್ಚ ಮತ್ತು ಮಾರಾಟ ದರದ ವ್ಯತ್ಯಾಸ ಎಷ್ಟು, ಅದನ್ನು ಯಾವ ಲೆಕ್ಕಶೀರ್ಷಿಕೆಯಡಿ ಭರಿಸಲಾಗಿದೆ, ಇವೆಲ್ಲವನ್ನೂ ವಿದೇಶಿ ವಿನಿಮಯದ ಉಳಿತಾಯಕ್ಕೆ ಎದುರಾಗಿಟ್ಟು ಸಮಿತಿ ಎಂದಾದರೂ ಪರಿಶೀಲಿಸಿದೆಯೆ, ಹಾಗಿದ್ದರೆ ಯಾವ ದಿನಾಂಕದಂದು. 150 ಪದಗಳ ಮಿತಿಯೊಳಗೆ ಇದು ಹಿಡಿಯುತ್ತದೆ.

ಉತ್ತರ ಅಪೂರ್ಣವಾದರೆ ನಿಯಮ 55ರಡಿ ಅರ್ಧ ಗಂಟೆಯ ಚರ್ಚೆ ಕೇಳಬಹುದು. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದರೆ ಆ ವಾಕ್ಯವೇ ಸದನಕ್ಕೆ ಕೊಟ್ಟ ಭರವಸೆಯಾಗುತ್ತದೆ; ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲವಾದರೆ 1953ರಿಂದಲೂ ಇರುವ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಕಾರಣ ಕೊಡಬೇಕು. ಇಲ್ಲಿ ಕುಳಿತವರ ಮತಪತ್ರ ಮುಂಬೈಯಲ್ಲಿರಲಿ, ಚೆನ್ನೈಯಲ್ಲಿರಲಿ, ದೆಹಲಿಯಲ್ಲಿರಲಿ, ಪ್ರತಿಯೊಬ್ಬರಿಗೂ ಒಬ್ಬ ಸಂಸತ್ ಸದಸ್ಯರಿದ್ದಾರೆ. ಬರುವ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲಿಯೇ, 15 ದಿನಗಳ ಗಡುವು ಮುಗಿಯುವ ಮುನ್ನ, ಈ ಪ್ರಶ್ನೆಯ ಪ್ರತಿ ಅವರ ಕಚೇರಿಯ ಮೇಜಿನ ಮೇಲೆ ಇರಬೇಕು.